ಕಾರವಾರ, ಶಿರಸಿಯಲ್ಲಿದ್ದುಕೊಂಡೇ ಸಣ್ಣ ಪ್ರಕಾಶನಗಳ ಪುಸ್ತಕ ಹುಡುಕುವ ಬಗೆ

ನಮ್ಮ ಉತ್ತರ ಕನ್ನಡ ಜಿಲ್ಲೆಯ ಯಾವ ಪೇಟೆಯಲ್ಲಿ ಪುಸ್ತಕದಂಗಡಿಗೆ ಹೋದರೂ ಏನು ಸಿಗುತ್ತದೆ ಎನ್ನುವುದು ಎಲ್ಲರಿಗೂ ಬಾಯಿಪಾಠ. ಎದುರಿಗೆ ನೋಟ್‌ಬುಕ್ಕು, ಜಾಮಿಟ್ರಿ ಬಾಕ್ಸು. ಒಳಗೆ ಹತ್ತನೇ ಕ್ಲಾಸಿನ ಗೈಡು, ಕೆಎಎಸ್, ಪಿಡಿಒ ಪರೀಕ್ಷೆಗಳ ದಪ್ಪ ಪುಸ್ತಕಗಳು. ಸಾಹಿತ್ಯಕ್ಕೆ ಮೂಲೆಯಲ್ಲಿ ಒಂದು ಕಪಾಟು. ಅದರಲ್ಲೂ ಶಾಲೆಯಿಂದ ಕೇಳುತ್ತ ಬಂದ ಹೆಸರುಗಳೇ ಜಾಸ್ತಿ. ಹೋದ ವರ್ಷ ಗದಗದಲ್ಲೋ ಮಂಡ್ಯದಲ್ಲೋ ಅಚ್ಚಾದ ಹೊಸಬರ ಮೊದಲ ಕಥಾಸಂಕಲನ ಅಲ್ಲಿ ಕಾಣುವುದಿಲ್ಲ.

ಅಂಗಡಿಯವರನ್ನು ಬಯ್ದು ಪ್ರಯೋಜನವಿಲ್ಲ. ಸುಮ್ನೆ ಲೆಕ್ಕ ಹಾಕಿ ನೋಡಿ. ಸಣ್ಣ ಪ್ರಕಾಶಕರು ಈಗ ಒಂದು ಪುಸ್ತಕವನ್ನು ಮುನ್ನೂರೋ ಐನೂರೋ ಪ್ರತಿ ಹಾಕಿಸುತ್ತಾರೆ. ಬೆಲೆ 150 ರೂಪಾಯಿ ಎಂದಿಟ್ಟುಕೊಳ್ಳಿ. ಅಂಗಡಿಗೆ ಮೂವತ್ತರಿಂದ ನಲವತ್ತು ಪರ್ಸೆಂಟ್ ಬಿಡಬೇಕು. ಅಲ್ಲಿಗೆ 45ರಿಂದ 60 ರೂಪಾಯಿ ಹೋಯಿತು. ಅದರ ಮೇಲೆ ಬೆಂಗಳೂರಿನಿಂದ ಕಾರವಾರಕ್ಕೆ ಪಾರ್ಸೆಲ್ ಖರ್ಚು. ಐದು ಪ್ರತಿ ಕಳಿಸಿದರೆ ಎರಡು ಮಾರಾಟವಾಗುತ್ತವೆ, ಉಳಿದ ಮೂರು ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಬೂಸ್ಟು ಹಿಡಿದು ವಾಪಸ್ ಬರುತ್ತವೆ. ಪ್ರಕಾಶಕರು ಎಂದರೆ ಹೆಚ್ಚಿನ ಸಲ ಒಬ್ಬರೇ. ಹಗಲು ಮಾಸ್ತರಿಕೆ, ಡಾಕ್ಟರಿಕೆ, ಬ್ಯಾಂಕಿನ ಕೆಲಸ. ರಾತ್ರಿ ಪ್ರೂಫ್ ತಿದ್ದುವುದು. ಮನೆಯ ಒಂದು ಕೋಣೆಯೇ ಗೋಡೌನು. ಅವರು ನಮ್ಮೂರಿನ ಅಂಗಡಿಗೆ ಪುಸ್ತಕ ಮುಟ್ಟಿಸಲಿ ಎಂದು ಕಾಯುತ್ತ ಕೂತರೆ ಕಾಯುವುದೇ ಆಯಿತು. ನಾವೇ ಹುಡುಕಿಕೊಂಡು ಹೋಗಬೇಕು.

ಹುಡುಕಲು ನನಗೆ ಗೊತ್ತಿರುವ ಒಳ್ಳೆಯ ಹಾದಿ ಒಂದೇ. ಲೇಖಕರ ಬೆನ್ನು ಹತ್ತುವ ಬದಲು ಪ್ರಕಾಶಕರ ಬೆನ್ನು ಹತ್ತುವುದು. ಒಬ್ಬ ಲೇಖಕ ಇಷ್ಟವಾದರೆ ನಿಮಗೆ ಅವನ ನಾಲ್ಕು ಪುಸ್ತಕ ಸಿಗಬಹುದು. ಒಬ್ಬ ಪ್ರಕಾಶಕರ ರುಚಿ ನಿಮಗೆ ಹೊಂದಿದರೆ ನೀವು ಕೇಳಿಯೇ ಇರದ ಇಪ್ಪತ್ತು ಲೇಖಕರು ಸಿಗುತ್ತಾರೆ.

ಮೊದಲು ನಿಮ್ಮ ಕಪಾಟಿನಿಂದಲೇ ಶುರು ಮಾಡಿ

ಈಚಿನ ಹತ್ತು ವರ್ಷಗಳಲ್ಲಿ ನಿಮಗೆ ಬಹಳ ಹಿಡಿಸಿದ, ಆದರೆ ಪೇಟೆಯಲ್ಲಿ ಹೆಸರು ಮಾಡದ ಒಂದು ಪುಸ್ತಕ ಕೈಗೆತ್ತಿಕೊಳ್ಳಿ. ಒಳಗಿನ ಶೀರ್ಷಿಕೆಯ ಪುಟ ತಿರುವಿದರೆ ಅದರ ಹಿಂಬದಿಯಲ್ಲಿ ಸಣ್ಣ ಅಕ್ಷರದ ಒಂದು ಪುಟ ಇರುತ್ತದೆ. ನಾವು ಯಾರೂ ಓದದೆ ದಾಟಿಸುವ ಪುಟ ಅದು. ಹೆಚ್ಚುಕಡಿಮೆ ಹೀಗಿರುತ್ತದೆ:

ಮೊದಲ ಮುದ್ರಣ: 2023. ಪ್ರತಿಗಳು: 500. ಹಕ್ಕುಗಳು: ಲೇಖಕರವು. ಪುಟಗಳು: 8+132. ಬೆಲೆ: ರೂ. 150. ಕಾಗದ: 70 ಜಿಎಸ್‌ಎಂ ಮ್ಯಾಪ್‌ಲಿಥೊ, ಡೆಮಿ 1/8. ಮುಖಪುಟ ವಿನ್ಯಾಸ, ಅಕ್ಷರ ಜೋಡಣೆ, ಮುದ್ರಣ ಯಾರದು ಎಂಬ ಮೂರು ಸಾಲು. ಕೊನೆಗೆ ಪ್ರಕಾಶಕರ ವಿಳಾಸ ಮತ್ತು ಒಂದು ಮೊಬೈಲ್ ನಂಬರು.

ಇದರಲ್ಲಿ ಮುಖ್ಯವಾದದ್ದನ್ನು ನೋಡೋಣ. ಜಿಎಸ್‌ಎಂ, ಮ್ಯಾಪ್‌ಲಿಥೊ, ಡೆಮಿ ಎಂಬುದೆಲ್ಲ ಕಾಗದದ ದಪ್ಪ, ಬಗೆ ಮತ್ತು ಪುಸ್ತಕದ ಅಳತೆ, ಅದನ್ನು ಬಿಡಿ. ಪ್ರತಿಗಳ ಸಂಖ್ಯೆ ಇದ್ದರೆ ಮೊದಲು ಅದನ್ನು ನೋಡಿ. 300 ಎಂದಿದ್ದರೆ ಈ ಪುಸ್ತಕ ಬೇಗ ಖಾಲಿಯಾಗುವ ಜಾತಿಯದ್ದು, ಇಷ್ಟವಾದರೆ ತಡಮಾಡದೆ ತಗೊಳ್ಳಿ. ‘ಎರಡನೇ ಮುದ್ರಣ’ ಎಂದಿದ್ದರೆ ಬಾಯಿಂದ ಬಾಯಿಗೆ ಹೋಗಿ ಓದಿಸಿಕೊಂಡ ಪುಸ್ತಕ ಎಂದು ಅಂದಾಜು ಮಾಡಬಹುದು. ಲೇಖಕರ ವಿಳಾಸವೂ ಪ್ರಕಾಶಕರ ವಿಳಾಸವೂ ಒಂದೇ ಆಗಿದ್ದರೆ ಅದು ಸ್ವಂತ ಪ್ರಕಟಣೆ. ಅಷ್ಟಕ್ಕೇ ಮೂಗು ಮುರಿಯಬೇಡಿ. ಕನ್ನಡದಲ್ಲಿ ಒಳ್ಳೊಳ್ಳೆಯವರು ತಮ್ಮ ಪುಸ್ತಕ ತಾವೇ ತಂದಿದ್ದಾರೆ. ಕೊಳ್ಳುವ ಮುಂಚೆ ನಾಲ್ಕು ಪುಟ ಜಾಸ್ತಿ ಓದಿ ನೋಡಿ, ಸಾಕು. ಕನ್ನಡ ಪುಸ್ತಕ ಪ್ರಾಧಿಕಾರದ ಪ್ರೋತ್ಸಾಹಧನ ಪಡೆದ ಚೊಚ್ಚಲ ಕೃತಿ ಎಂದು ಬರೆದಿದ್ದರೆ ಲೇಖಕರು ಹೊಸಬರು ಎಂದು ಅಲ್ಲೇ ತಿಳಿಯಿತು.

ಮುಖಪುಟ ಮಾಡಿದವರ ಹೆಸರನ್ನೂ ಬರೆದಿಟ್ಟುಕೊಳ್ಳಿ. ಸಣ್ಣ ಪ್ರಕಾಶಕರು ಎಲ್ಲಿ ಖರ್ಚು ಉಳಿಸಿದರೂ ಒಳ್ಳೆಯ ಕಲಾವಿದರನ್ನು ಬಿಡುವುದಿಲ್ಲ. ಒಬ್ಬರೇ ಕಲಾವಿದರು ನಾಲ್ಕೈದು ಪ್ರಕಾಶನಗಳಿಗೆ ಕೆಲಸ ಮಾಡುತ್ತಿರುತ್ತಾರೆ. ಆ ಹೆಸರಿನ ಜಾಡು ಹಿಡಿದರೆ ಇನ್ನೊಂದು ಪ್ರಕಾಶನ ಸಿಗುತ್ತದೆ.

ಆಮೇಲೆ ‘ನನ್ನ ಮಾತು’ ಎಂಬ ಪುಟ. ಅಲ್ಲಿ ಈ ಕಥೆ ಆ ಪತ್ರಿಕೆಯಲ್ಲಿ ಬಂದಿತ್ತು, ಈ ಕವಿತೆ ಈ ಸಂಚಿಕೆಯಲ್ಲಿ ಬಂದಿತ್ತು, ಹಸ್ತಪ್ರತಿ ಓದಿ ತಿದ್ದಿದವರು ಇವರು ಎಂದು ಲೇಖಕರು ನೆನೆಯುತ್ತಾರೆ. ಹೀಗೆ ನೆನೆಸಿಕೊಂಡ ಗೆಳೆಯರಲ್ಲಿ ಅರ್ಧ ಜನ ತಾವೂ ಬರೆಯುವವರೇ. ಮುಂದಿನ ಪುಸ್ತಕ ಅಲ್ಲೇ ಅಡಗಿ ಕೂತಿರುತ್ತದೆ. ಕಡೆಯ ಪುಟಗಳಲ್ಲಿ ‘ನಮ್ಮ ಇತರ ಪ್ರಕಟಣೆಗಳು’ ಎಂಬ ಪಟ್ಟಿ ಇದ್ದರೆ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ.

ನಂಬಬಾರದ ಪುಟ ಒಂದೇ, ಬೆನ್ನುಡಿ. ಬೆನ್ನುಡಿಯಲ್ಲಿ ಯಾರೂ ಯಾರನ್ನೂ ಬಯ್ದದ್ದಿಲ್ಲ. ಕನ್ನಡಕ್ಕೆ ಪ್ರತಿ ತಿಂಗಳೂ ಒಬ್ಬ ‘ಭರವಸೆಯ ಕಥೆಗಾರ’ ಹುಟ್ಟುವುದು ಅಲ್ಲೇ.

ನಾಲ್ಕೈದು ಪ್ರಕಾಶನಗಳನ್ನು ಆರಿಸಿಕೊಳ್ಳಿ

ಎಲ್ಲವನ್ನೂ ಹಿಂಬಾಲಿಸಲು ಆಗುವುದಿಲ್ಲ. ಮೊದಲು ಹತ್ತಿರದವರನ್ನು ನೋಡೋಣ.

ಅಂಕೋಲೆಯ ಅಂಬಾರಕೊಡ್ಲದಲ್ಲಿ ಕವಿ ವಿಷ್ಣು ನಾಯ್ಕರು ಕಟ್ಟಿದ ರಾಘವೇಂದ್ರ ಪ್ರಕಾಶನ ಇದೆ. ನಮ್ಮ ಜಿಲ್ಲೆಯ ಎಷ್ಟೋ ಬರಹಗಾರರ ಪುಸ್ತಕಗಳು ಬಂದದ್ದು ಅಲ್ಲಿಂದ. ಕರಾವಳಿಯ ಹಳೆಯ ಮತ್ತು ಹೊಸ ಬರವಣಿಗೆ ಎರಡನ್ನೂ ಒಟ್ಟಿಗೆ ನೋಡಬೇಕು ಎನ್ನುವವರು ಇಲ್ಲಿಂದ ಶುರು ಮಾಡಬಹುದು. ಹೊನ್ನಾವರ ತಾಲೂಕಿನ ಕವಲಕ್ಕಿಯಲ್ಲಿ ಕವಿ ಪ್ರಕಾಶನ ಇದೆ. ಹೆಣ್ಣುಮಕ್ಕಳ ಬದುಕು, ಸಾಮಾಜಿಕ ವಿಚಾರ ಇವು ಅವರ ಒಲವು. ಕವಲಕ್ಕಿಯಂಥ ಊರಿನಿಂದ ಪುಸ್ತಕ ಹೊರಡುತ್ತದೆ ಎನ್ನುವುದು ಕುಮಟಾದವರಿಗೇ ಎಷ್ಟು ಜನಕ್ಕೆ ಗೊತ್ತು?

ಘಟ್ಟ ಹತ್ತಿದರೆ, ಸಾಗರದ ಹತ್ತಿರ ಹೆಗ್ಗೋಡಿನ ಅಕ್ಷರ ಪ್ರಕಾಶನ. ನೀನಾಸಂ ನಾಟಕ ಸಂಸ್ಥೆ ಕಟ್ಟಿದ ಕೆ.ವಿ. ಸುಬ್ಬಣ್ಣ ಇದನ್ನೂ ಕಟ್ಟಿದರು. ನಾಟಕ, ಅನುವಾದ, ವಿಮರ್ಶೆ ಓದುವವರಿಗೆ ಅದು ದೊಡ್ಡ ಆಸ್ತಿ. ಶಿವಮೊಗ್ಗದಲ್ಲಿ ಅಹರ್ನಿಶಿ ಇದೆ. ಗದಗದ ಲಡಾಯಿ ಪ್ರಕಾಶನ ಹೆಸರಿಗೆ ತಕ್ಕಂತೆ ಜಗಳಕ್ಕೂ ಚರ್ಚೆಗೂ ಹಿಂಜರಿಯದ ಪುಸ್ತಕಗಳನ್ನು ತರುತ್ತದೆ. ಮಂಡ್ಯದ ಸಂಕಥನ ಪತ್ರಿಕೆಯನ್ನೂ ತರುತ್ತದೆ, ಪುಸ್ತಕವನ್ನೂ ತರುತ್ತದೆ. ಹೊಸ ಹೆಸರುಗಳಿಗೆ ಪತ್ರಿಕೆಯೇ ಹೆಬ್ಬಾಗಿಲು. ಬೆಂಗಳೂರಿನ ಛಂದ ಪುಸ್ತಕ ಹೊಸ ಕಥೆಗಾರರಿಗಾಗಿಯೇ ಹಸ್ತಪ್ರತಿಯ ಸ್ಪರ್ಧೆ ನಡೆಸಿ, ಗೆದ್ದವರ ಮೊದಲ ಸಂಕಲನವನ್ನು ತಾನೇ ಅಚ್ಚು ಹಾಕುತ್ತ ಬಂದಿದೆ. ಕಥೆ ನಿಮ್ಮ ಇಷ್ಟದ ಪ್ರಕಾರವಾದರೆ ಮೊದಲು ಇದನ್ನು ಹಿಡಿಯಿರಿ. ಸ್ಪರ್ಧೆಯಲ್ಲಿ ಯಾರೋ ಕೂತು ಓದಿ, ಬೇಡದ್ದನ್ನು ಪಕ್ಕಕ್ಕಿಟ್ಟು ಆರಿಸಿರುತ್ತಾರೆ. ಆ ಶ್ರಮ ನಿಮಗೆ ಉಳಿಯಿತು.

ಧಾರವಾಡದ ಮನೋಹರ ಗ್ರಂಥಮಾಲೆಯ ಬಗ್ಗೆ ಎರಡು ಮಾತು ಜಾಸ್ತಿ ಹೇಳಬೇಕು. 1933ರಲ್ಲಿ ಜಿ.ಬಿ. ಜೋಶಿಯವರು ಶುರು ಮಾಡಿದ್ದು. ಅಂಗಡಿಯ ದಾರಿ ನೋಡದೆ, ಮೊದಲೇ ಹಣ ಕಟ್ಟುವ ಚಂದಾದಾರರನ್ನು ನೆಚ್ಚಿಕೊಂಡು ಬೆಳೆದ ಮಾಲೆ ಅದು. ಓದುಗ ವರ್ಷದ ಚಂದಾ ಕಟ್ಟಿ, ಏನು ಬರುತ್ತದೋ ಬರಲಿ ಎಂದು ಪ್ರಕಾಶಕರ ಮೇಲೆ ಭರವಸೆ ಇಡುವ ಪದ್ಧತಿ. ಇದು ಹಳೇ ಕಾಲದ್ದು ಅನಿಸುತ್ತದೆ, ಅಲ್ವಾ? 2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳ ಇಂಗ್ಲಿಷ್ ಅನುವಾದಕ್ಕೆ ಅಂತರರಾಷ್ಟ್ರೀಯ ಬೂಕರ್ ಬಂತಲ್ಲ, ಅದನ್ನು ತಂದ ‘ಆ್ಯಂಡ್ ಅದರ್ ಸ್ಟೋರೀಸ್’ ಎಂಬ ಶೆಫೀಲ್ಡಿನ ಸಣ್ಣ ಪ್ರಕಾಶನವೂ ಚಂದಾದಾರರನ್ನು ಕಟ್ಟಿಕೊಂಡೇ ನಡೆಯುತ್ತದೆ. ಚಂದಾದಾರರ ಹೆಸರುಗಳನ್ನು ಪುಸ್ತಕದ ಕೊನೆಯಲ್ಲಿ ಅಚ್ಚು ಹಾಕುತ್ತಾರೆ. ಧಾರವಾಡಕ್ಕೆ ತೊಂಬತ್ತು ವರ್ಷದ ಹಿಂದೆಯೇ ಹೊಳೆದದ್ದು ಇಂಗ್ಲೆಂಡಿನಲ್ಲಿ ಈಗಲೂ ನಡೆಯುತ್ತಿದೆ. ಹಾಗಾಗಿ ನೀವು ಆರಿಸಿಕೊಂಡ ಪ್ರಕಾಶನದಲ್ಲಿ ಚಂದಾ ಯೋಜನೆಯೋ ಪ್ರಕಟಣೆಗೆ ಮುಂಚೆ ಹಣ ಕಟ್ಟಿದರೆ ರಿಯಾಯಿತಿಯೋ ಇದೆಯೇ ಎಂದು ತಪ್ಪದೆ ಕೇಳಿ. ನಿಮಗೆ ಕಡಿಮೆ ಬೆಲೆ, ಅವರಿಗೆ ಪ್ರಿಂಟರ್‌ಗೆ ಕೊಡಲು ದುಡ್ಡು.

ದೂರ ಇಡಬೇಕಾದ ಒಂದು ಬಗೆಯೂ ಇದೆ. ಲೇಖಕರಿಂದಲೇ ಹಣ ತೆಗೆದುಕೊಂಡು ಕೇಳಿದವರಿಗೆಲ್ಲ ಪುಸ್ತಕ ಮಾಡಿಕೊಡುವವರು. ಗುರುತು ಹಿಡಿಯುವುದು ಕಷ್ಟವಲ್ಲ. ತಿಂಗಳಿಗೆ ಹತ್ತಾರು ಪುಸ್ತಕ, ಎಲ್ಲದಕ್ಕೂ ಒಂದೇ ತರದ ಮುಖಪುಟ, ಮೊದಲ ಪುಟದಲ್ಲೇ ನಾಲ್ಕು ಅಚ್ಚಿನ ತಪ್ಪು. ಸಂಪಾದಕರ ಕೈ ಆಡಿಲ್ಲ ಎನ್ನುವುದು ಎರಡು ಪ್ಯಾರಾದಲ್ಲಿ ಗೊತ್ತಾಗುತ್ತದೆ.

ಪುಸ್ತಕ ಆಗುವ ಮುಂಚೆಯೇ ಹೆಸರು ಹಿಡಿಯಿರಿ

ಕನ್ನಡದಲ್ಲಿ ಹೊಸ ಬರಹಗಾರರು ಮೊದಲು ಕಾಣಿಸುವುದು ಪತ್ರಿಕೆಗಳಲ್ಲಿ. ದೀಪಾವಳಿ, ಯುಗಾದಿ ವಿಶೇಷಾಂಕಗಳನ್ನು ಹಬ್ಬ ಮುಗಿದ ಮೇಲೆ ರದ್ದಿಗೆ ಹಾಕಬೇಡಿ. ಪ್ರಜಾವಾಣಿಯ ದೀಪಾವಳಿ ಕಥಾಸ್ಪರ್ಧೆಯಲ್ಲಿ ಬಹುಮಾನ ಪಡೆದವರ ಜೊತೆಗೆ ಮೆಚ್ಚುಗೆ ಪಡೆದವರ ಹೆಸರೂ ನೋಡಿ. ಗೊತ್ತಿಲ್ಲದ ಹೆಸರುಗಳನ್ನು ಡೈರಿಯಲ್ಲಿ ಬರೆದಿಡಿ. ಎರಡು ಮೂರು ವರ್ಷದಲ್ಲಿ ಅವರಲ್ಲಿ ಕೆಲವರ ಸಂಕಲನ ಬರುತ್ತದೆ, ಬಹಳ ಸಲ ಸಣ್ಣ ಪ್ರಕಾಶನದಿಂದಲೇ.

ಪ್ರಶಸ್ತಿ ಪಟ್ಟಿಗಳಲ್ಲಿ ದೊಡ್ಡದನ್ನು ಬಿಡಿ, ಅದು ಹೇಗೂ ಪೇಪರಿನ ಮೊದಲ ಪುಟಕ್ಕೆ ಬರುತ್ತದೆ. 35 ವರ್ಷದೊಳಗಿನವರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಕೊಡುವ ಯುವ ಪುರಸ್ಕಾರ, ಕರ್ನಾಟಕ ಸಾಹಿತ್ಯ ಅಕಾಡೆಮಿಯಲ್ಲಿ ಲೇಖಕರ ಮೊದಲ ಕೃತಿಗೆಂದು ಇರುವ ಮಧುರಚೆನ್ನ ದತ್ತಿ ಬಹುಮಾನ, ಎಳೆಯರಿಗೆ ಕೊಡುವ ಟೋಟೋ ಪುರಸ್ಕಾರ, ಇವನ್ನು ನೋಡಿ. ಬಹುಮಾನ ಪಡೆದದ್ದು ಪುಸ್ತಕವಾದರೆ ಅದರ ಪ್ರಕಾಶಕರು ಯಾರೆಂದೂ ವಿಚಾರಿಸಿ. ಒಂದೇ ಪ್ರಕಾಶನ ಎರಡು ಮೂರು ವರ್ಷ ಮತ್ತೆ ಮತ್ತೆ ಕಾಣಿಸಿದರೆ ಅಲ್ಲಿ ಯಾರೋ ಕಣ್ಣಿಟ್ಟು ಆರಿಸುತ್ತಿದ್ದಾರೆ ಎಂದರ್ಥ.

ಜಿಲ್ಲೆಯ ಪತ್ರಿಕೆಗಳನ್ನು ನಾವು ಹಗುರವಾಗಿ ನೋಡುತ್ತೇವೆ. ಕಾರವಾರದ ‘ಕರಾವಳಿ ಮುಂಜಾವು’, ಶಿರಸಿಯ ‘ಲೋಕಧ್ವನಿ’, ‘ಜನಮಾಧ್ಯಮ’ ಇವುಗಳ ಒಳಪುಟದಲ್ಲಿ ಎರಡು ಕಾಲಮ್ಮಿನ ಪುಸ್ತಕ ಬಿಡುಗಡೆಯ ಸುದ್ದಿ ಬರುತ್ತದೆ. ರಾಜ್ಯದ ಪತ್ರಿಕೆಗಳಿಗೆ ಅದು ಸುದ್ದಿಯೇ ಅಲ್ಲ. ಯಲ್ಲಾಪುರದ ಮಾಸ್ತರೊಬ್ಬರ ಕವನ ಸಂಕಲನ, ಸಿದ್ದಾಪುರದವರೊಬ್ಬರ ತಾಳಮದ್ದಳೆಯ ನೆನಪುಗಳು, ಅಂಥವು. ಎಲ್ಲವೂ ಚಿನ್ನ ಎಂದು ನಾನು ಹೇಳುವುದಿಲ್ಲ. ಆದರೆ ನಮ್ಮ ಮಾತು, ನಮ್ಮ ಗದ್ದೆ, ನಮ್ಮ ದೋಣಿ ಬರುವ ಪುಸ್ತಕಗಳು ಕಣ್ಣಿಗೆ ಬೀಳುವುದು ಅಲ್ಲೇ.

ಬಿಡುಗಡೆಗೂ ಸಮ್ಮೇಳನಕ್ಕೂ ಹೋಗಿ

ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಬಿಟ್ಟು ಬೇರೆ ಕಾರ್ಯಕ್ರಮ ಕಡಿಮೆ. ನವರಾತ್ರಿ ಕಳೆದ ಮೇಲೆ ಶುರುವಾಗಿ ಏಪ್ರಿಲ್‌ವರೆಗೆ ಒಂದರ ಹಿಂದೊಂದು. ಪುಸ್ತಕ ಬಿಡುಗಡೆಗೆ ಆಮಂತ್ರಣ ಪತ್ರಿಕೆ ಇಲ್ಲದೆ ಹೇಗೆ ಹೋಗುವುದು ಎಂಬ ಸಂಕೋಚ ಬೇಡ. ಹಿಂದಿನ ಸಾಲಿನಲ್ಲಿ ಕೂತರೂ ಅವರಿಗೆ ಖುಷಿಯೇ. ಭಾಷಣಗಳು ಉದ್ದವಾಗುತ್ತವೆ, ಅದಕ್ಕೆ ಮದ್ದಿಲ್ಲ. ಲೇಖಕರು ಮಾತಾಡುವುದು ಕೊನೆಗೆ. ಹೊರಗೆ ಮೇಜಿನ ಮೇಲೆ ಪುಸ್ತಕ ರಿಯಾಯಿತಿಯಲ್ಲಿ ಇರುತ್ತದೆ, ಪಕ್ಕದಲ್ಲೇ ಅದೇ ಪ್ರಕಾಶಕರ ಇನ್ನೂ ನಾಲ್ಕು ಪುಸ್ತಕ ಇಟ್ಟಿರುತ್ತಾರೆ. ಆ ನಾಲ್ಕನ್ನು ನೋಡಲಿಕ್ಕೇ ಹೋಗಬೇಕು. ಒಂದು ವಿನಂತಿ: ಪರಿಚಯದ ಲೇಖಕರು ಪುಕ್ಕಟೆ ಗೌರವ ಪ್ರತಿ ಕೊಡಲು ಬಂದರೆ ದುಡ್ಡು ಕೊಟ್ಟೇ ತಗೊಳ್ಳಿ. ಮುನ್ನೂರರಲ್ಲಿ ನೂರು ಪ್ರತಿ ಹೀಗೆ ನೆಂಟರಿಗೆ ಹೋದರೆ ಎರಡನೇ ಪುಸ್ತಕ ಬರುವುದೇ ಇಲ್ಲ.

ಸಾಹಿತ್ಯ ಪರಿಷತ್ತಿನ ಜಿಲ್ಲಾ ಮತ್ತು ತಾಲೂಕು ಸಮ್ಮೇಳನಗಳಲ್ಲಿ ಪುಸ್ತಕ ಮಳಿಗೆಗಳಿರುತ್ತವೆ. ಬಾಗಿಲ ಹತ್ತಿರದ ದೊಡ್ಡ ಮಳಿಗೆಗಳಲ್ಲಿ ನಿಘಂಟು, ಅಡುಗೆ, ವ್ಯಕ್ತಿತ್ವ ವಿಕಸನ, ಮಕ್ಕಳ ಚಿತ್ರದ ಪುಸ್ತಕ. ಅವನ್ನು ದಾಟಿ ಕೊನೆಗೆ ಹೋಗಿ. ಅಲ್ಲಿ ಯಾರೋ ಒಬ್ಬರು ಎರಡು ಚೀಲ ಪುಸ್ತಕ ಬಸ್ಸಿನಲ್ಲಿ ಹೊತ್ತು ತಂದು ಒಂದು ಮೇಜು ಹಾಕಿಕೊಂಡು ಕೂತಿರುತ್ತಾರೆ. ಅವರೇ ಪ್ರಕಾಶಕರು. ಊಟದ ಹೊತ್ತಿನಲ್ಲಿ ಹೋಗಬೇಡಿ, ಜನ ಜಾಸ್ತಿ. ಮಧ್ಯಾಹ್ನ ಗೋಷ್ಠಿ ನಡೆಯುವಾಗ ಹೋದರೆ ಮಾತಿಗೆ ಸಿಗುತ್ತಾರೆ. ‘ಚೆನ್ನಾಗಿ ಹೋಗುತ್ತಿರುವುದು ಯಾವುದು’ ಎಂದು ಕೇಳಿದರೆ ಎಲ್ಲರಿಗೂ ತೋರಿಸುವ ಪುಸ್ತಕವನ್ನೇ ತೋರಿಸುತ್ತಾರೆ. ಬೇರೆ ತರ ಕೇಳಿ ನೋಡಿ.

“ಮಾಸ್ತರೇ, ನಿಮಗೆ ಬಹಳ ಇಷ್ಟವಾಗಿಯೂ ಮಾರಾಟವಾಗದೆ ಉಳಿದದ್ದು ಯಾವುದು?”

ಈ ಪ್ರಶ್ನೆಗೆ ಅವರ ಮುಖವೇ ಬದಲಾಗುತ್ತದೆ. ಮೇಜಿನ ಕೆಳಗಿನ ಚೀಲಕ್ಕೆ ಕೈ ಹಾಕುತ್ತಾರೆ. “ಇದು ನೋಡಿ, ಎರಡು ವರ್ಷ ಆಯ್ತು, ಅರ್ಧ ಕಟ್ಟು ಮನೆಯಲ್ಲೇ ಉಂಟು. ಹುಡುಗ ಚೆನ್ನಾಗಿ ಬರೀತಾನೆ, ಯಾರಿಗೂ ಗೊತ್ತಿಲ್ಲ” ಎಂದು ಕೈಗಿಡುತ್ತಾರೆ. ಹೀಗೆ ಕೈಗೆ ಬಂದ ಪುಸ್ತಕಗಳಲ್ಲಿ ನಿರಾಸೆ ಮಾಡಿದ್ದು ನನ್ನ ಮಟ್ಟಿಗೆ ಕಡಿಮೆ.

ಲೈಬ್ರರಿಯನ್ನು ಬಿಡಬೇಡಿ

ಇದು ಹೆಚ್ಚಿನವರು ಯೋಚಿಸದ ಜಾಗ. ರಾಜ್ಯದ ಗ್ರಂಥಾಲಯ ಇಲಾಖೆ ಸಗಟು ಖರೀದಿಯಲ್ಲಿ ಆಯ್ಕೆಯಾದ ಪುಸ್ತಕದ 300 ಪ್ರತಿ ಕೊಂಡು ಜಿಲ್ಲೆಗಳಿಗೆ ಹಂಚುತ್ತದೆ. ಸಣ್ಣ ಪ್ರಕಾಶಕರಲ್ಲಿ ಎಷ್ಟೋ ಜನ ಈ ಖರೀದಿಯನ್ನು ನಂಬಿಯೇ ಪುಸ್ತಕ ತರುತ್ತಾರೆ. ಹಣ ತಡವಾಗುತ್ತದೆ ಎಂಬ ಗೋಳು ಅವರದ್ದು, ಅದು ಬೇರೆ ಮಾತು. ನಮಗೆ ಬೇಕಾದ್ದು ಏನೆಂದರೆ, ಅಂಗಡಿಗೆ ಬಾರದ ಪುಸ್ತಕ ಕಾರವಾರದ ಜಿಲ್ಲಾ ಕೇಂದ್ರ ಗ್ರಂಥಾಲಯಕ್ಕೋ ಶಿರಸಿ, ಕುಮಟಾದ ಗ್ರಂಥಾಲಯಕ್ಕೋ ಬಂದಿರುವ ಸಾಧ್ಯತೆ ಇದೆ.

ಬಂದರೂ ಕಾಣುವುದಿಲ್ಲ, ಅದೇ ತೊಂದರೆ. ತೆಳ್ಳಗಿನ ಪುಸ್ತಕಗಳು ದಪ್ಪ ಸಂಪುಟಗಳ ನಡುವೆ ಸಿಕ್ಕಿಕೊಂಡಿರುತ್ತವೆ. ಹಾಗಾಗಿ ಕಪಾಟು ನೋಡುವ ಮುಂಚೆ ಲೈಬ್ರರಿಯನ್ ಹತ್ತಿರ ಹೋಗಿ, ಈಚೆಗೆ ಬಂದ ಕಥೆ, ಕವಿತೆಯ ಪುಸ್ತಕಗಳು ಯಾವುವು, ಹೊಸ ಪುಸ್ತಕಗಳ ರಿಜಿಸ್ಟರ್ ನೋಡಬಹುದೇ ಎಂದು ಕೇಳಿ. ಪೇಪರ್ ಓದಲು ಬರುವವರೇ ಹೆಚ್ಚಿರುವ ಜಾಗದಲ್ಲಿ ಹೀಗೆ ಕೇಳುವವರು ಸಿಕ್ಕರೆ ಅವರೂ ಉತ್ಸಾಹದಿಂದ ತೆಗೆದುಕೊಡುತ್ತಾರೆ. ಹಳ್ಳಿಯಲ್ಲಿದ್ದರೆ ಗ್ರಾಮ ಪಂಚಾಯತಿಯ ಅರಿವು ಕೇಂದ್ರ ನೋಡಿ. ಮೊದಲಿನ ಪಂಚಾಯತಿ ಗ್ರಂಥಾಲಯಗಳೇ ಈಗ ಆ ಹೆಸರಿನಲ್ಲಿವೆ. ಕಾಲೇಜಿನಲ್ಲಿ ಓದಿದವರಾದರೆ ಹಳೆ ವಿದ್ಯಾರ್ಥಿ ಎಂದು ಹೇಳಿಕೊಂಡು ಅಲ್ಲೇ ಕೂತು ಓದಲು ಕೇಳಬಹುದು. ಅಂಕೋಲೆಯ ಗೋಖಲೆ ಶತಮಾನೋತ್ಸವ ಕಾಲೇಜು, ಕುಮಟೆಯ ಬಾಳಿಗಾ ಕಾಲೇಜು, ಶಿರಸಿಯ ಎಂ.ಎಂ. ಕಾಲೇಜು ಇವೆಲ್ಲ ಹಳೆಯ ಕಾಲೇಜುಗಳು. ಕನ್ನಡ ವಿಭಾಗದವರ ಪರಿಚಯ ಇದ್ದರೆ ಕೆಲಸ ಇನ್ನೂ ಸುಲಭ.

ಲೈಬ್ರರಿಯಲ್ಲಿ ಓದಿ ಮೆಚ್ಚಿದ ಮೇಲೆ ಅದೇ ಲೇಖಕರ ಮುಂದಿನ ಪುಸ್ತಕ ಕೊಳ್ಳಿ. ದುಡ್ಡು ಕಳೆದುಕೊಳ್ಳುವ ಭಯವಿಲ್ಲದೆ ಹೊಸಬರನ್ನು ಓದಲು ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ.

ತರಿಸಿಕೊಳ್ಳುವುದು

ಪ್ರಕಾಶಕರಿಗೆ ನೇರ ಫೋನ್ ಮಾಡಿ. ದೊಡ್ಡ ಆನ್‌ಲೈನ್ ಅಂಗಡಿಗಳಲ್ಲಿ ಕೊಂಡರೆ ಅವರಿಗೆ ಉಳಿಯುವುದು ಕಡಿಮೆ. ಫೋನ್ ಮಾಡಲು ಸಂಕೋಚವಾದರೆ ವಾಟ್ಸಾಪ್ ಸಾಕು. ಹೀಗೆ ಬರೆಯಬಹುದು:

“ನಮಸ್ಕಾರ. ನಾನು ಕುಮಟಾದಿಂದ. ನೀವು ತಂದ (ಪುಸ್ತಕದ ಹೆಸರು) ಕಥಾಸಂಕಲನ ಓದಿದೆ, ಬಹಳ ಹಿಡಿಸಿತು. ಈ ಎರಡು ವರ್ಷದಲ್ಲಿ ಬಂದ ಹೊಸಬರ ಪುಸ್ತಕಗಳ ಪಟ್ಟಿ ಕಳಿಸುತ್ತೀರಾ? ಮೂರು ತರಿಸುವ ಯೋಚನೆ ಇದೆ. ಅಂಚೆ ಖರ್ಚು ಸೇರಿ ಎಷ್ಟಾಗುತ್ತದೆ ಹೇಳಿ.”

ಓದಿದ ಪುಸ್ತಕದ ಹೆಸರು ಹೇಳುವುದನ್ನು ಮರೆಯಬೇಡಿ. ನಿಮ್ಮ ರುಚಿ ಏನು ಎಂದು ಅದರಿಂದಲೇ ಅವರಿಗೆ ಗೊತ್ತಾಗುತ್ತದೆ. ಸಂಜೆ ಕೆಲಸ ಮುಗಿಸಿ ಬಂದು ಉತ್ತರ ಕೊಡುತ್ತಾರೆ, ಒಂದೆರಡು ದಿನ ತಾಳ್ಮೆ ಇರಲಿ.

ಒಂದೇ ಪುಸ್ತಕ ತರಿಸಿದರೆ ಅಂಚೆ ಖರ್ಚು ಮೈಮೇಲೆ ಬರುತ್ತದೆ. ಮೂರು ನಾಲ್ಕು ಒಟ್ಟಿಗೆ ಹೇಳಿ, ಅಥವಾ ಊರಿನ ನಾಲ್ಕು ಓದುಗರು ಸೇರಿ ಒಂದೇ ಕಟ್ಟು ತರಿಸಿ. ಪ್ರಕಾಶಕರಿಗೆ ‘ಜ್ಞಾನ ಪೋಸ್ಟ್’ನಲ್ಲಿ ಕಳಿಸಲಿಕ್ಕಾಗುತ್ತದೆಯೇ ಎಂದು ಕೇಳಿ. ಶೈಕ್ಷಣಿಕ, ಸಾಮಾಜಿಕ, ಸಾಂಸ್ಕೃತಿಕ ಪುಸ್ತಕಗಳಿಗೆಂದು ಅಂಚೆ ಇಲಾಖೆ 2025ರ ಮೇ 1ರಿಂದ ಇದನ್ನು ಶುರು ಮಾಡಿದೆ. ಆಗ ಇಟ್ಟ ದರ 300 ಗ್ರಾಂವರೆಗೆ 20 ರೂಪಾಯಿ, 5 ಕಿಲೋವರೆಗೆ 100 ರೂಪಾಯಿ, ಮೇಲೆ ತೆರಿಗೆ. ಪುಸ್ತಕದ ಮೇಲೆ ಪ್ರಕಾಶಕರ ಅಥವಾ ಮುದ್ರಕರ ಹೆಸರು ಇರಲೇಬೇಕು. ರಸ್ತೆ, ರೈಲಿನ ಮೇಲೆ ಬರುವುದರಿಂದ ನಿಧಾನ. ಪುಸ್ತಕಕ್ಕೆ ಏನು ಅವಸರ?

ಕೊರಿಯರ್ ಪೇಟೆಯವರಿಗೆ ಸರಿ. ಹಳ್ಳಿಯವರು ಅಂಚೆಯನ್ನೇ ನಂಬಿ. ನನ್ನ ಒಂದು ಪಾರ್ಸೆಲ್ಲನ್ನು ಕೊರಿಯರ್‌ನವರು ಕುಮಟೆಯಲ್ಲೇ ಇಟ್ಟುಕೊಂಡು, ಬಂದು ಒಯ್ಯಿರಿ ಎಂದು ಒಮ್ಮೆ ಫೋನ್ ಮಾಡಿ, ಆಮೇಲೆ ಬಂದ ದಾರಿಯಲ್ಲೇ ವಾಪಸ್ ಕಳಿಸಿದರು. ಪೋಸ್ಟಣ್ಣ ಹಾಗಲ್ಲ. ಮನೆಯಲ್ಲಿ ಯಾರೂ ಇಲ್ಲದಿದ್ದರೆ ಅಂಗಡಿಯಲ್ಲಿ ಇಟ್ಟು ಹೋಗುತ್ತಾನೆ, ಮರುದಿನ ಸಿಕ್ಕಿತಾ ಎಂದೂ ಕೇಳುತ್ತಾನೆ. ದೊಡ್ಡ ಕಟ್ಟಾದರೆ ಸರ್ಕಾರಿ ಬಸ್ಸಿನ ‘ನಮ್ಮ ಕಾರ್ಗೋ’ ಇದೆ. ಧಾರವಾಡ, ಹುಬ್ಬಳ್ಳಿ ಕಡೆಯಿಂದ ತರಿಸುವಾಗ ವಿಚಾರಿಸಬಹುದು. ಮಳೆಗಾಲದಲ್ಲಿ ತರಿಸುವುದಾದರೆ ಒಳಗೆ ಒಂದು ಪ್ಲಾಸ್ಟಿಕ್ ಸುತ್ತಿ ಕಳಿಸಿ ಎಂದು ಬಿಡಿಸಿ ಹೇಳಿ. ಬಯಲುಸೀಮೆಯವರಿಗೆ ನಮ್ಮ ಮಳೆಯ ಅಂದಾಜಿರುವುದಿಲ್ಲ.

ಇ-ಪುಸ್ತಕ, ಕೇಳುಪುಸ್ತಕ ಬೇಕಾದವರಿಗೆ ಋತುಮಾನ, ಮೈಲ್ಯಾಂಗ್ ಇವೆ. ಜೋಯಿಡಾ ಕಡೆಯ ಕಾಡಿನೂರಿನವರಾದರೆ ಪೇಟೆಗೆ ಬಂದಾಗ ನೆಟ್‌ವರ್ಕ್ ಸಿಕ್ಕಲ್ಲಿ ಇಳಿಸಿಟ್ಟುಕೊಂಡು ಹೋಗಬೇಕು. ಹೊಸ ಪುಸ್ತಕದ ಲೇಖಕರು ಯಾರು, ಯಾವ ಪ್ರಕಾಶನ ಎಂದು ತಿಳಿಯಲು ಬುಕ್ ಬ್ರಹ್ಮ ಎಂಬ ಜಾಲತಾಣ ಉಪಯೋಗಕ್ಕೆ ಬರುತ್ತದೆ.

ಸಾಧ್ಯವಾದರೆ ಒಮ್ಮೆ ಹೋಗಿ ಬನ್ನಿ

ಶಿರಸಿಯವರಿಗೆ ಹೆಗ್ಗೋಡು ದೂರವೇ ಅಲ್ಲ. ಸಿದ್ದಾಪುರ, ತಾಳಗುಪ್ಪ ದಾಟಿ ಸಾಗರಕ್ಕೆ ಬಸ್ಸು, ಅಲ್ಲಿಂದ ಇನ್ನೊಂದು ಬಸ್ಸು. ಬೆಳಿಗ್ಗೆ ಹೊರಟರೆ ರಾತ್ರಿ ಊಟಕ್ಕೆ ಮನೆಗೆ ಬರಬಹುದು. ನಾಟಕ ಇರುವ ದಿನ ಅಥವಾ ನೀನಾಸಂನಲ್ಲಿ ಶಿಬಿರ ನಡೆಯುವ ಹೊತ್ತಿಗೆ ಹೋದರೆ ಬೇರೆ ಬೇರೆ ಊರಿನ ಓದುಗರೂ ಬರೆಯುವವರೂ ಸಿಗುತ್ತಾರೆ. ಚಾ ಕುಡಿಯುತ್ತ ಈಗ ಏನು ಓದುತ್ತಿದ್ದೀರಿ ಎಂದು ಯಾರನ್ನಾದರೂ ಕೇಳಿದರೆ ಎರಡು ಹೊಸ ಹೆಸರು ಕಿವಿಗೆ ಬೀಳುವುದು ಗ್ಯಾರಂಟಿ.

ಕಾರವಾರ, ಅಂಕೋಲೆಯವರು ಆರ್ಬೈಲ್ ಘಟ್ಟ ಹತ್ತಿ ಧಾರವಾಡಕ್ಕೆ ಹೋಗಬೇಕು. 1956ರವರೆಗೆ ನಮ್ಮ ಜಿಲ್ಲೆಯೂ ಧಾರವಾಡವೂ ಒಂದೇ ಮುಂಬಯಿ ಆಡಳಿತದಲ್ಲಿದ್ದವು. ಕಾಲೇಜಿಗೆ, ಕೆಲಸಕ್ಕೆ, ಪುಸ್ತಕಕ್ಕೆ ಅಜ್ಜನ ಕಾಲದವರು ಹೋಗುತ್ತಿದ್ದದ್ದು ಆ ಕಡೆಗೇ. ಈಗ ನಮಗೆ ಮಂಗಳೂರು, ಗೋವಾ, ಬೆಂಗಳೂರು ಹತ್ತಿರವಾಗಿ ಆ ದಾರಿ ಮರೆತುಹೋಗಿದೆ. ಸುಭಾಸ ರಸ್ತೆಯಲ್ಲಿ ಮನೋಹರ ಗ್ರಂಥಮಾಲೆಯ ಅಟ್ಟ ಇದೆ. ಮೆಟ್ಟಿಲು ಹತ್ತಿ ಹೋಗಬೇಕು. ಕನ್ನಡದ ದೊಡ್ಡ ದೊಡ್ಡ ಸಾಹಿತಿಗಳು ಕೂತು ಹರಟೆ ಹೊಡೆದ ಜಾಗ. ಹೋಗುವ ಮುಂಚೆ ಫೋನ್ ಮಾಡಿ ತೆರೆದಿರುತ್ತದೆಯೇ ಕೇಳಿಕೊಳ್ಳಿ. ಸಣ್ಣ ಪ್ರಕಾಶನಗಳಿಗೆ ಅಂಗಡಿಯ ಟೈಮಿಂಗ್ ಎಂಬುದು ಇರುವುದಿಲ್ಲ. ಚೀಲ ದೊಡ್ಡದೇ ಒಯ್ಯಿರಿ.

ಕೈಗೆ ಬಂದ ಮೇಲೆ

ಗೊತ್ತಿಲ್ಲದ ಲೇಖಕರ ಕಥಾಸಂಕಲನವಾದರೆ ನಾನು ಎರಡನೇ ಕಥೆಯಿಂದ ಶುರು ಮಾಡುತ್ತೇನೆ. ಮೊದಲನೆಯದು ಬಹುಮಾನ ಬಂದದ್ದೋ ಎಲ್ಲರೂ ಹೊಗಳಿದ್ದೋ ಆಗಿರುತ್ತದೆ. ಶೀರ್ಷಿಕೆಯ ಕಥೆಯೂ ಹಾಗೇ. ಮಧ್ಯದ ಕಥೆಗಳಲ್ಲಿ ಲೇಖಕರ ನಿಜವಾದ ಕೈ ಗೊತ್ತಾಗುತ್ತದೆ. ಕಾದಂಬರಿಗೆ ಮೂವತ್ತು ಪುಟ ಕೊಡಿ. ಕವಿತೆಗೆ ಹೀಗೆಲ್ಲ ಲೆಕ್ಕವಿಲ್ಲ, ಎಲ್ಲಿ ತೆರೆದರೂ ಒಂದು ಸಾಲು ನಿಲ್ಲಿಸಬೇಕು, ಅಷ್ಟೇ. ಹಿಡಿಸದಿದ್ದರೆ ದಾಕ್ಷಿಣ್ಯಕ್ಕೆ ಓದಿ ಮುಗಿಸಬೇಡಿ. ಸಣ್ಣ ಪ್ರಕಾಶನದ ಪುಸ್ತಕ ಎಂಬ ಒಂದೇ ಕಾರಣಕ್ಕೆ ಕೆಟ್ಟ ಪುಸ್ತಕ ಒಳ್ಳೆಯದಾಗುವುದಿಲ್ಲ.

ಹಿಡಿಸಿದರೆ ಪ್ರಕಾಶಕರಿಗೆ ನಾಲ್ಕು ಸಾಲು ಬರೆಯಿರಿ. ಯಾವ ಕಥೆ, ಯಾಕೆ ಹಿಡಿಸಿತು ಎಂದು ಹೇಳಿ, ‘ಇದೇ ತರದ್ದು ಬೇರೆ ಯಾರದಾದರೂ ಇದೆಯಾ, ನಿಮ್ಮದಲ್ಲದಿದ್ದರೂ ಪರವಾಗಿಲ್ಲ’ ಎಂದು ಕೇಳಿ. ಈ ಪ್ರಕಾಶಕರೆಲ್ಲ ಒಬ್ಬರಿಗೊಬ್ಬರು ಗೊತ್ತಿರುವವರು, ಇನ್ನೊಬ್ಬರ ಪುಸ್ತಕವನ್ನು ಹೇಳಲು ಹೊಟ್ಟೆಕಿಚ್ಚು ಪಡುವುದು ಕಡಿಮೆ. ಹೀಗೆ ಒಂದು ಪ್ರಕಾಶನದಿಂದ ಇನ್ನೊಂದಕ್ಕೆ ದಾರಿ ಸಿಗುತ್ತದೆ.

ಬೇಕಾದ ಪುಸ್ತಕದ ಪ್ರತಿಗಳು ಮುಗಿದಿವೆ ಎಂದು ಹೇಳಿದರೆ ಅಲ್ಲಿಗೇ ಕೈಬಿಡಬೇಡಿ. ಅದೇ ಪ್ರಕಾಶಕರನ್ನು ಲೇಖಕರ ನಂಬರ್ ಕೊಡಬಹುದೇ ಎಂದು ಕೇಳಿ, ಲೇಖಕರನ್ನು ಒಪ್ಪಿಸಿಯೇ ಕೊಡುತ್ತಾರೆ. ಸಂಭಾವನೆಯ ಬದಲು ಪ್ರತಿಗಳನ್ನು ಪಡೆದ ಲೇಖಕರು ನಮ್ಮಲ್ಲಿ ಬಹಳ ಜನ. ಮಂಚದ ಕೆಳಗೆ ಒಂದು ಕಟ್ಟು ಇನ್ನೂ ಬಿಚ್ಚದೆ ಇರುತ್ತದೆ, ಕೇಳಿದರೆ ಸಹಿ ಹಾಕಿ ಕಳಿಸುತ್ತಾರೆ.